ಪರದೇಶದಲ್ಲಿ ಒಬ್ಬ ಗೆಳೆಯನಾಗಲು ಎಷ್ಟು ಗಂಟೆ ಬೇಕು?

ಬೇರೆ ದೇಶಕ್ಕೆ ಹೋಗಿ ಆರೇಳು ತಿಂಗಳಾದವರನ್ನು ಮಾತಾಡಿಸಿ ನೋಡಿ. ಮನೆ ಸಿಕ್ಕಿದೆ, ಕೆಲಸ ಪರವಾಗಿಲ್ಲ, ಬಸ್ಸು ರೈಲು ಅಭ್ಯಾಸವಾಯಿತು ಎನ್ನುತ್ತಾರೆ. ಆಮೇಲೆ ಸ್ವಲ್ಪ ತಡೆದು, "ಆದ್ರೆ ಇಲ್ಲಿಯವರು ಯಾರೂ ಹತ್ತಿರ ಸೇರಿಸಲ್ಲ" ಎನ್ನುತ್ತಾರೆ. ಇಲ್ಲವೇ, "ನನಗೇ ಜನರ ಜೊತೆ ಬೆರೆಯೋಕೆ ಬರಲ್ಲ ಅನ್ಸುತ್ತೆ" ಎನ್ನುತ್ತಾರೆ. ಮೊದಲನೆಯದು ಅಲ್ಲಿನವರ ಮೇಲಿನ ದೂರು, ಎರಡನೆಯದು ತನ್ನ ಮೇಲಿನ ದೂರು. ಎರಡರಲ್ಲೂ ಹುರುಳು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಪರದೇಶದ ಮೊದಲ ಒಂದೆರಡು ವರ್ಷದ ಒಂಟಿತನಕ್ಕೆ ಯಾರ ಸ್ವಭಾವಕ್ಕಿಂತಲೂ ಹೆಚ್ಚಾಗಿ ಗಂಟೆಗಳ ಲೆಕ್ಕವೇ ಕಾರಣ.

ಆ ಲೆಕ್ಕವನ್ನು ಮೊದಲು ನೋಡಿಬಿಡೋಣ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂದಿನ ಆರು ತಿಂಗಳೊಳಗೆ ಊರು ಬದಲಿಸಿದ್ದ 355 ಮಂದಿಗೆ ಅವರು ಕೇಳಿದ್ದಿಷ್ಟು: ಹೊಸ ಊರಲ್ಲಿ ಪರಿಚಯವಾದ ಯಾರಾದರೊಬ್ಬರನ್ನು ನೆನಪಿಸಿಕೊಳ್ಳಿ, ಅವರ ಜೊತೆ ಒಟ್ಟು ಎಷ್ಟು ಹೊತ್ತು ಕಳೆದಿದ್ದೀರಿ, ಈಗ ಅವರು ಬರೀ ಪರಿಚಯವೋ, ಗೆಳೆಯರೋ, ಆಪ್ತರೋ? ಕಾಲೇಜಿಗೆ ಹೊಸದಾಗಿ ಸೇರಿದ 112 ವಿದ್ಯಾರ್ಥಿಗಳನ್ನು ಬೇರೆಯಾಗಿ ಕೆಲವು ವಾರ ಗಮನಿಸಿದರು. ಬಂದ ಉತ್ತರ ಹೀಗಿತ್ತು. ಪರಿಚಯದವರು ಮೇಲುಮೇಲಿನ ಗೆಳೆಯರಾಗಲು ಸುಮಾರು 50 ಗಂಟೆ ಬೇಕು, ಗೆಳೆಯರು ಎಂದು ಧೈರ್ಯವಾಗಿ ಹೇಳಿಕೊಳ್ಳಲು ಸುಮಾರು 90 ಗಂಟೆ, ಆಪ್ತರಾಗಲು 200 ಗಂಟೆಗೂ ಮೇಲೆ.

ಇವು ಸರಾಸರಿಗಳು. ಮೊದಲ ಭೇಟಿಯಲ್ಲೇ ಒಬ್ಬರಿಗೊಬ್ಬರು ಹೊಂದಿಕೊಂಡುಬಿಡುವವರೂ ಇರುತ್ತಾರೆ, ವರ್ಷಗಟ್ಟಲೆ ಜೊತೆಗಿದ್ದೂ ಪರಿಚಯದ ಗೆರೆ ದಾಟದವರೂ ಇರುತ್ತಾರೆ. ಆದರೂ ಈ ಸಂಖ್ಯೆಗಳನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಒಬ್ಬರನ್ನು ವಾರಕ್ಕೆ ಎರಡು ಗಂಟೆ ಭೇಟಿಯಾಗುತ್ತೀರಿ ಅಂದುಕೊಳ್ಳೋಣ. ನೌಕರಿ, ಮನೆ, ಓಡಾಟದ ನಡುವೆ ಅಷ್ಟು ಸಿಕ್ಕರೆ ಪುಣ್ಯ. 50 ಗಂಟೆ ತುಂಬಲು 25 ವಾರ, ಅಂದರೆ ಅರ್ಧ ವರ್ಷ. 90 ಗಂಟೆಗೆ 45 ವಾರ. 200 ಗಂಟೆಗೆ 100 ವಾರ, ಹೆಚ್ಚುಕಡಿಮೆ ಎರಡು ವರ್ಷ. ಅದೇ ಹಾಸ್ಟೆಲಿನಲ್ಲಿ ಓದುವ ಹುಡುಗ ರೂಮ್‌ಮೇಟ್ ಜೊತೆ ದಿನಕ್ಕೆ ಐದು ಗಂಟೆ ಹರಟಿದರೂ 40 ದಿನದಲ್ಲಿ ಆ 200 ಗಂಟೆ ಮುಗಿದಿರುತ್ತದೆ. ಶಾಲೆ ಕಾಲೇಜಿನ ಗೆಳೆತನ ತಾನಾಗಿ ಆಯಿತು ಎಂದು ನಮಗೆ ಅನ್ನಿಸುವುದು ಇದಕ್ಕೇ. ಅಲ್ಲಿ ಗಂಟೆಗಳನ್ನು ಬೇರೆ ಯಾರೋ ಹೊಂದಿಸಿ ಕೊಟ್ಟಿದ್ದರು. ವೇಳಾಪಟ್ಟಿ ಅವರದ್ದು, ಬೆಂಚು ಅವರದ್ದು, ನಾವು ಹೋಗಿ ಕೂತದ್ದು ಮಾತ್ರ.

ಇನ್ನೂ ಒಂದು ಮಾತಿದೆ. ಹಾಲ್ ಅವರ ಲೆಕ್ಕದಲ್ಲಿ ಎಲ್ಲ ಗಂಟೆಗೂ ಒಂದೇ ಬೆಲೆ ಇಲ್ಲ. ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದ ಹೊತ್ತು ಗೆಳೆತನಕ್ಕೆ ಹೆಚ್ಚೇನೂ ಸೇರಿಸಲಿಲ್ಲ. ಕೆಲಸವಿಲ್ಲದೆ ಜೊತೆಗಿದ್ದದ್ದು, ನಗೆಚಾಟಿಕೆ, 'ಆಮೇಲೆ ಏನಾಯ್ತು?' ಎಂಬಂಥ ವಿಚಾರಣೆ, ಇವು ಸೇರಿಸಿದವು. ಆದ್ದರಿಂದ ದಿನಕ್ಕೆ ಎಂಟು ಗಂಟೆ ಸಹೋದ್ಯೋಗಿಗಳ ನಡುವೆ ಇದ್ದೂ ಯಾರೂ ಇಲ್ಲ ಅನ್ನಿಸಿದರೆ ಅದರಲ್ಲಿ ವಿಚಿತ್ರವೇನಿಲ್ಲ.

ಬಿಟ್ಟು ಬಂದದ್ದು ಯಾರನ್ನು?

ದೇಶ ಬಿಟ್ಟವರಿಗೆ ಆಪ್ತರ ನೆನಪು ಕಾಡುತ್ತದೆ, ನಿಜ. ಆದರೆ ಆಪ್ತರು ಪೂರ್ತಿ ಕೈಬಿಟ್ಟು ಹೋಗುವುದಿಲ್ಲ. ವಿಡಿಯೊ ಕರೆಯಲ್ಲಿ ಸಿಗುತ್ತಾರೆ, ಬೈಯುತ್ತಾರೆ, ಅಳುತ್ತಾರೆ, ಊಟ ಆಯ್ತಾ ಎಂದು ಕೇಳುತ್ತಾರೆ. ಒಂದು ಫೋನ್‌ನಂಬರಿಗೂ ಸಿಗದೆ ಪೂರ್ತಿ ಕಳೆದುಹೋಗುವವರು ಬೇರೆಯೇ: ಮುಖಪರಿಚಯದವರು. ಹೆಸರು ಗೊತ್ತಿಲ್ಲದಿದ್ದರೂ ತಲೆಯಾಡಿಸುತ್ತಿದ್ದ ಅಂಗಡಿಯಾತ, ದಿನಾ ಅದೇ ನಿಲ್ದಾಣದಲ್ಲಿ ಸಿಗುತ್ತಿದ್ದ ಹೆಂಗಸು, ಮಗುವಿನ ಶಾಲೆಯ ಗೇಟಿನ ಬಳಿ ಎರಡು ಮಾತಾಡುತ್ತಿದ್ದ ಇನ್ನೊಬ್ಬ ಅಪ್ಪ. ಇವರನ್ನೆಲ್ಲ ನಾವು ಯಾವತ್ತೂ ಎಣಿಸಿದ್ದಿಲ್ಲ, ಹಾಗಾಗಿ ಕಳೆದುಕೊಂಡದ್ದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಷ್ಟೇ: ಬೆಳಗ್ಗೆ ಮನೆಯಿಂದ ಹೊರಟು ಸಂಜೆ ವಾಪಸು ಬರುವವರೆಗೆ ನನ್ನ ಮುಖ ಗುರುತು ಹಿಡಿದವರು ಒಬ್ಬರೂ ಇಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಇಂಥ ಸಡಿಲ ನಂಟುಗಳ ಬಲದ ಬಗ್ಗೆ ಬರೆದದ್ದು ಈಗಲೂ ಉಲ್ಲೇಖವಾಗುತ್ತದೆ. ಪರಿಚಯದವರ ಮೂಲಕ ಕೆಲಸ ಕಂಡುಕೊಂಡವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6, ಭೇಟಿಯೇ ಇರಲಿಲ್ಲ ಎನ್ನುವಷ್ಟು ಕಡಿಮೆ ಎಂದವರು ಶೇ 27.8. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಇನ್ನೊಂದು ವರ್ತುಲದಲ್ಲಿ ತಿರುಗುವವರಿಂದ. ಹೊಸ ದೇಶದಲ್ಲಿ ಒಳ್ಳೆಯ ದಂತವೈದ್ಯರು ಯಾರು, ಯಾವ ಮನೆ ಖಾಲಿಯಾಗುತ್ತಿದೆ, ಯಾವ ಕಚೇರಿಗೆ ಯಾವ ಹೊತ್ತಿಗೆ ಹೋದರೆ ಸಾಲು ಕಡಿಮೆ ಎಂಬುದೆಲ್ಲ ಇವರ ಬಾಯಲ್ಲೇ ಇರುತ್ತದೆ.

ಉಪಯೋಗದ ಮಾತು ಬಿಟ್ಟರೂ ಇವರು ಬೇಕು. ಜಿಲಿಯನ್ ಸ್ಯಾಂಡ್‌ಸ್ಟ್ರಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಗವಹಿಸಿದವರ ಕೈಗೆ ಒತ್ತಿದಾಗಲೆಲ್ಲ ಒಂದು ಸಂಖ್ಯೆ ಏರುವ ಪುಟ್ಟ ಎಣಿಕೆ ಉಪಕರಣಗಳನ್ನು ಕೊಟ್ಟಿದ್ದರು. ಆಪ್ತರ ಜೊತೆ ಮಾತಾಡಿದರೆ ಒಂದನ್ನು ಒತ್ತಬೇಕು, ಮುಖಪರಿಚಯದವರ ಜೊತೆ ಮಾತಾಡಿದರೆ ಇನ್ನೊಂದನ್ನು. ಮುಖಪರಿಚಯದವರ ಜೊತೆ ಎಂದಿಗಿಂತ ಹೆಚ್ಚು ಮಾತಾಡಿದ ದಿನಗಳಲ್ಲಿ ಜನ ಹೆಚ್ಚು ಖುಷಿಯಾಗಿದ್ದರು, ನಾನೂ ಇಲ್ಲಿಯವನೇ ಎಂಬ ಭಾವವೂ ಹೆಚ್ಚಿತ್ತು. ಹಾಗಾಗಿ ಹೊಸ ದೇಶಕ್ಕೆ ಕಾಲಿಟ್ಟ ಕೂಡಲೇ ಆಪ್ತ ಗೆಳೆಯನನ್ನು ಹುಡುಕಲು ಹೊರಡುವುದು ತಲೆಕೆಳಗಾದ ಕ್ರಮ ಎನ್ನುತ್ತೇನೆ. ಮೊದಲು ಬೇಕಾದದ್ದು ಹತ್ತಿಪ್ಪತ್ತು ಮುಖಪರಿಚಯ. ಆ 50, 90, 200 ಗಂಟೆಯ ದಾರಿ ಅವರಲ್ಲೇ ಯಾರೋ ಒಬ್ಬಿಬ್ಬರ ಜೊತೆ ಶುರುವಾಗುತ್ತದೆ.

ದಿನನಿತ್ಯವೇ ದೊಡ್ಡ ಕೆಲಸ

ಆದರೆ ಮುಖಪರಿಚಯ ಮಾಡಿಕೊಳ್ಳುವಷ್ಟು ತ್ರಾಣ ಮೊದಲ ತಿಂಗಳುಗಳಲ್ಲಿ ಉಳಿದಿರುವುದೇ ಇಲ್ಲ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1954ರಲ್ಲಿ ರಿಯೊ ಡಿ ಜನೈರೊದ ಮಹಿಳಾ ಕ್ಲಬ್ಬೊಂದರಲ್ಲಿ ಅಲ್ಲಿ ನೆಲೆಸಿದ್ದ ಪರದೇಶಿಯರಿಗೆ ಇದನ್ನೇ ಬಿಡಿಸಿ ಹೇಳಿದ್ದರು. ಕಲ್ಚರ್ ಶಾಕ್, ಅಂದರೆ ಪರಸಂಸ್ಕೃತಿಯ ನಡುವೆ ಬಂದು ಬಿದ್ದಾಗಿನ ಆಘಾತ, ಎಂಬ ಮಾತು ಎಲ್ಲೆಡೆ ಹಬ್ಬಿದ್ದು ಆ ಉಪನ್ಯಾಸದಿಂದ. 1960ರಲ್ಲಿ ಅದು ಲೇಖನವಾಗಿ ಅಚ್ಚಾಯಿತು. ಒಬರ್ಗ್ ಹೇಳಿದ್ದು ದೊಡ್ಡ ದೊಡ್ಡ ಸಂಸ್ಕೃತಿ, ಮೌಲ್ಯಗಳ ವಿಚಾರವಲ್ಲ. ಯಾವಾಗ ಕೈಕುಲುಕಬೇಕು, ಯಾರಿಗೆ ಎಷ್ಟು ಟಿಪ್ಸ್ ಕೊಡಬೇಕು, ಸಾಮಾನು ಕೊಳ್ಳುವುದು ಹೇಗೆ, ಕರೆದಾಗ ಹೋಗಬೇಕೋ ಬೇಡವೋ, ಯಾವ ಮಾತನ್ನು ನಿಜವೆಂದು ತಿಳಿಯಬೇಕು, ಯಾವುದನ್ನು ಬಾಯುಪಚಾರ ಎಂದು ಬಿಡಬೇಕು. ಹುಟ್ಟೂರಿನಲ್ಲಿ ಇಂಥ ಸಾವಿರ ಸಣ್ಣ ಸನ್ನೆಗಳನ್ನು ಯೋಚಿಸದೆ ಓದಿಕೊಳ್ಳುತ್ತೇವೆ. ಹೊಸ ದೇಶದಲ್ಲಿ ಅವೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ಪ್ರತಿ ಸಣ್ಣ ವಿಷಯಕ್ಕೂ ಗಮನ ಕೊಡಬೇಕಾಗುತ್ತದೆ. ಸಂಜೆಯ ಹೊತ್ತಿಗೆ, ಹೇಳಿಕೊಳ್ಳುವಂಥ ಕೆಲಸ ಏನೂ ಮಾಡದಿದ್ದರೂ ಮೈ ಹಣ್ಣಾಗಿರುತ್ತದೆ.

ಒಬರ್ಗ್ ಪಟ್ಟಿ ಮಾಡಿದ ಲಕ್ಷಣಗಳನ್ನು ಓದಿದರೆ ನಗು ಬರುತ್ತದೆ, ಆಮೇಲೆ ನಮ್ಮದೇ ಅನ್ನಿಸಿ ನಗು ನಿಲ್ಲುತ್ತದೆ. ಅತಿಯಾಗಿ ಕೈ ತೊಳೆಯುವುದು, ಕುಡಿಯುವ ನೀರಿನ ಬಗ್ಗೆ ಚಿಂತೆ, ಎತ್ತಲೋ ನೋಡುತ್ತ ಕೂರುವುದು, ಸಣ್ಣ ವಿಳಂಬಕ್ಕೂ ಸಿಡಿಮಿಡಿ, ಎಲ್ಲರೂ ನನಗೆ ಮೋಸ ಮಾಡುತ್ತಿದ್ದಾರೆ ಎಂಬ ಗುಮಾನಿ.

ಕಾಗದಪತ್ರದ ಗೋಳು ಇದರ ಮೇಲೆ ಬೀಳುತ್ತದೆ. ಬಾಡಿಗೆ ಮನೆಗೆ ಬ್ಯಾಂಕ್ ಖಾತೆ ಬೇಕು, ಬ್ಯಾಂಕ್ ಖಾತೆಗೆ ಮನೆ ವಿಳಾಸದ ಪುರಾವೆ ಬೇಕು, ಎರಡಕ್ಕೂ ಫೋನ್ ನಂಬರು ಬೇಕು, ಫೋನ್ ನಂಬರಿಗೆ ಎರಡೂ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ವಲಸೆ ಹೋದವರಿಗಾಗಿಯೇ ಹುಟ್ಟಿದಂತಿದೆ. ಇದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ: ಸುತ್ತು ಎಲ್ಲಿ ಸಡಿಲವಾಗಿದೆ ಎಂಬುದನ್ನು ಅದೇ ವರ್ಷ ಅದೇ ಊರಿಗೆ ಬಂದ ಇನ್ನೊಬ್ಬರನ್ನು ಕೇಳುವುದು. ಹತ್ತು ವರ್ಷದಿಂದ ಅಲ್ಲಿರುವವರಿಗೆ ಅದು ಮರೆತಿರುತ್ತದೆ, ಅಲ್ಲೇ ಹುಟ್ಟಿದವರಿಗೆ ಅಂಥ ಸುತ್ತೊಂದಿದೆ ಎಂದೇ ಗೊತ್ತಿರುವುದಿಲ್ಲ.

ದಿನಚರಿಯ ವಿಷಯಕ್ಕೆ ಬಂದರೆ, ಮೊದಲ ತಿಂಗಳುಗಳಲ್ಲಿ ವೈವಿಧ್ಯದ ಆಸೆ ಬೇಡ ಎನ್ನುತ್ತೇನೆ. ಒಂದೇ ಅಂಗಡಿ, ವಾರದ ಅದೇ ದಿನ, ಅದೇ ಹೊತ್ತು. ನಡೆಯಲು ಒಂದೇ ದಾರಿ, ಓದಲು ಒಂದೇ ಗ್ರಂಥಾಲಯದ ಒಂದೇ ಮೂಲೆ. ಎರಡು ಲಾಭವಿದೆ. ಯೋಚಿಸಬೇಕಾದ ಸಂಗತಿಗಳ ಸಂಖ್ಯೆ ತಗ್ಗುತ್ತದೆ, ಆಯಾಸ ಇಳಿಯುತ್ತದೆ. ಜೊತೆಗೆ ನಿಮ್ಮ ಮುಖ ಇನ್ನೊಬ್ಬರಿಗೆ ಅಭ್ಯಾಸವಾಗುತ್ತದೆ. ಊರು ಸುತ್ತಿ ನೋಡುವ ಉತ್ಸಾಹಿಗಿಂತ ಒಂದೇ ಕಡೆ ಹೋಗುವ ಸೋಮಾರಿಗೆ ಪರಿಚಯ ಬೇಗ ಬೆಳೆಯುತ್ತದೆ.

ಮೆಟ್ಟಿಲ ಬುಡದ ಮನೆ

ಹೀಗೇಕೆ ಎಂಬುದಕ್ಕೆ ಅತ್ಯಂತ ಚಂದದ ಉದಾಹರಣೆ ಒಂದು ವಸತಿ ಸಮುಚ್ಚಯದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಸಂಸ್ಥೆ, ಯುದ್ಧದಿಂದ ಮರಳಿ ಓದಲು ಬಂದ ವಿವಾಹಿತ ವಿದ್ಯಾರ್ಥಿಗಳಿಗೆ ಮನೆಗಳನ್ನು ಕೊಟ್ಟಿತು. ವೆಸ್ಟ್‌ಗೇಟ್ ವೆಸ್ಟ್ ಎಂಬ ಭಾಗದಲ್ಲಿ 17 ಕಟ್ಟಡ, ಪ್ರತಿ ಕಟ್ಟಡದಲ್ಲಿ ಕೆಳಗೆ ಐದು, ಮೇಲೆ ಐದು ಮನೆ. ಯಾರಿಗೆ ಯಾವ ಮನೆ ಎಂಬುದು ಅವರ ಆಯ್ಕೆಯಾಗಿರಲಿಲ್ಲ. ಖಾಲಿಯಾದ ಹಾಗೆ ಸರದಿಯಂತೆ ಕೊಡುತ್ತಿದ್ದರು. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಸಂಶೋಧಕರು ಅಲ್ಲಿಯವರನ್ನು 'ನೀವು ಹೆಚ್ಚು ಒಡನಾಡುವುದು ಯಾರ ಜೊತೆ?' ಎಂದು ಕೇಳಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು.

ಒಂದೇ ಅಂತಸ್ತಿನಲ್ಲಿ ಪಕ್ಕದ ಮನೆಯವರನ್ನು ಹೆಸರಿಸುವ ಸಾಧ್ಯತೆ ಶೇ 41. ಒಂದು ಮನೆ ದಾಟಿ ಆಚೆಗಿನವರಾದರೆ ಶೇ 22. ಸಾಲಿನ ಆ ತುದಿಯವರಾದರೆ ಶೇ 10. ಈ ತುದಿಗೂ ಆ ತುದಿಗೂ ಇದ್ದ ಅಂತರ ಮೂವತ್ತು ಮೀಟರಿಗಿಂತ ಕಡಿಮೆ. ಒಂದು ನಿಮಿಷವೂ ನಡೆಯಬೇಕಿರಲಿಲ್ಲ, ಅಷ್ಟರಲ್ಲೇ ಗೆಳೆತನ ನಾಲ್ಕನೇ ಒಂದು ಪಾಲಿಗೆ ಇಳಿದಿತ್ತು. ಇನ್ನೂ ಸೂಕ್ಷ್ಮವಾದದ್ದು ಮೆಟ್ಟಿಲಿನ ಸಂಗತಿ. ಸಾಮಾನ್ಯವಾಗಿ ಕೆಳಗಿನವರಿಗೂ ಮೇಲಿನವರಿಗೂ ಒಡನಾಟ ಕಡಿಮೆ. ಆದರೆ ಮೆಟ್ಟಿಲ ಬುಡದಲ್ಲಿದ್ದ ಮನೆಯವರಿಗೆ ಮಹಡಿಯಲ್ಲೂ ಗೆಳೆಯರಿದ್ದರು. ಮಹಡಿಯವರು ದಿನಾ ಅವರ ಬಾಗಿಲ ಮುಂದೆಯೇ ಹಾದು ಹೋಗಬೇಕಿತ್ತು. ಟಪಾಲು ಪೆಟ್ಟಿಗೆಗಳು ಇದ್ದ ಕಡೆಯೂ ಅದೇ ಕಥೆ. ಆ ಮನೆಯವರು ಬೇರೆಯವರಿಗಿಂತ ಮಾತುಗಾರರೇನಲ್ಲ. ಕಟ್ಟಡದ ನಕ್ಷೆ ಬರೆದವನು ಅವರನ್ನು ಜನಪ್ರಿಯರನ್ನಾಗಿ ಮಾಡಿದ್ದ, ಅಷ್ಟೇ.

ಪರದೇಶದಲ್ಲಿ ಇದರಿಂದ ಕಲಿಯಬೇಕಾದದ್ದು ಬಹಳ ಪ್ರಾಯೋಗಿಕ. ದಾರಿಯಲ್ಲಿ ಸಿಗುವ ಜಾಗದಲ್ಲಿ ಇರಬೇಕು. ವಾರವಾರ ಅದೇ ಹೊತ್ತಿಗೆ, ಅದೇ ಜನ ಸೇರುವ, ನೀವು ಹೋಗದಿದ್ದರೂ ನಡೆದೇ ನಡೆಯುವ ಒಂದು ಚಟುವಟಿಕೆ ಹಿಡಿಯಬೇಕು. ಗಾಯನ ವೃಂದ, ಚೆಸ್ ಕ್ಲಬ್ಬು, ಸ್ವಯಂಸೇವಕರ ಗುಂಪು, ಭಾಷಾ ತರಗತಿ, ಯಾವುದಾದರೂ ಆದೀತು. ಪಾರ್ಕ್‌ರನ್ ಎಂಬ ಶನಿವಾರದ ಐದು ಕಿಲೋಮೀಟರ್ ಓಟ ನೋಡಿ. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು ಈಗ ಹಲವು ದೇಶಗಳಲ್ಲಿ ಪುಕ್ಕಟೆಯಾಗಿ ನಡೆಯುತ್ತದೆ. ಓಡಲಾಗದವರು ನಡೆಯಬಹುದು, ನಡೆಯಲಾಗದವರು ಸ್ವಯಂಸೇವಕರಾಗಿ ನಿಂತು ಸಮಯ ಬರೆದುಕೊಳ್ಳಬಹುದು. ಊರು ಬದಲಾದರೂ ಶನಿವಾರ ಬದಲಾಗದು.

ಹೊಸಬರು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧದ್ದು. ಪರಿಚಯ ಬೆಳೆಸಲೆಂದೇ ಏರ್ಪಡಿಸುವ ಒಂದು ಸಂಜೆಯ ಕೂಟಗಳಿಗೆ ಹೋಗುತ್ತಾರೆ. ಮೂವತ್ತು ಜನರಿಗೆ ಹೆಸರು, ಊರು, ಕೆಲಸ ಹೇಳಿ, ಮೂವತ್ತು ಜನರದ್ದು ಕೇಳಿ, ತಲೆನೋವು ಹೊತ್ತು ಮನೆಗೆ ಬರುತ್ತಾರೆ. ಮುಂದಿನ ವಾರ ಅದೇ ಕೂಟಕ್ಕೆ ಬೇರೆ ಮೂವತ್ತು ಜನ. ಗಂಟೆಗಳು ಒಬ್ಬರ ಖಾತೆಗೂ ಜಮೆಯಾಗುವುದಿಲ್ಲ.

ಗುಂಪಿಗೆ ಸೇರಿದ ಮೇಲೆ ಒಂದು ಸಣ್ಣ ಹೊಣೆ ತೆಗೆದುಕೊಳ್ಳಿ. ಕುರ್ಚಿ ಹಾಕುವುದು, ಬೀಗದ ಕೈ ಇಟ್ಟುಕೊಳ್ಳುವುದು, ಹಾಜರಿ ಬರೆಯುವುದು. ಬೀಗದ ಕೈ ಇರುವವರನ್ನು ಎಲ್ಲರೂ ಮಾತಾಡಿಸಲೇಬೇಕು. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮೆಟ್ಟಿಲ ಬುಡದ ಮನೆಯನ್ನು ನಾವೇ ಕಟ್ಟಿಕೊಂಡ ಹಾಗೆ.

ಭಾಷೆ ಬಂದರೂ ಬಾಯಿ ಬಾರದ ಹೊತ್ತು

ಆಫೀಸಿನ ಸಭೆಯಲ್ಲಿ ಪರಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುವವರು, ಅದೇ ಸಹೋದ್ಯೋಗಿಗಳು ಊಟದ ಮೇಜಿನಲ್ಲಿ ತಮಾಷೆಗಿಳಿದ ಕೂಡಲೇ ಮೂಕರಾಗುತ್ತಾರೆ. ಇದು ದಡ್ಡತನವಲ್ಲ, ಮಿಲಿಸೆಕೆಂಡುಗಳ ಸಮಸ್ಯೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರುಮಾಡುವುದರ ನಡುವಿನ ಬಿಡುವು ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು, ಅದೂ ತಾಯ್ನುಡಿಯಲ್ಲೇ, ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದಮೇಲೆ ಮಾತಿನಲ್ಲಿ ಪಾಲ್ಗೊಳ್ಳುವವರು ಎದುರಿನವರು ಮುಗಿಸುವ ಮೊದಲೇ ತಮ್ಮ ಮಾತು ಸಿದ್ಧ ಮಾಡಿಕೊಂಡಿರುತ್ತಾರೆ. ವಾಕ್ಯ ಎತ್ತ ಸಾಗುತ್ತಿದೆ, ಎಲ್ಲಿ ನಿಲ್ಲುತ್ತದೆ ಎಂದು ಊಹಿಸುತ್ತಲೇ ಇರುತ್ತಾರೆ.

ಪರಭಾಷೆಯಲ್ಲಿ ಆ ಊಹೆ ತಡವಾಗುತ್ತದೆ. ಮೇಜಿನ ಸುತ್ತ ಐವರು ಕೂತಿದ್ದಾರೆ ಎನ್ನಿ. ಒಬ್ಬಳು ತನ್ನ ಮನೆಯ ಸೋರುವ ನಲ್ಲಿಯ ಬಗ್ಗೆ ಏನೋ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ. ನೀವು ನಗುವುದು ಅರೆಗಳಿಗೆ ತಡವಾಗಿ. ನಿಮಗೂ ನಲ್ಲಿಯ ಕಥೆಯೊಂದು ನೆನಪಾಗುತ್ತದೆ. ಅದಕ್ಕೆ ಕ್ರಿಯಾಪದ ಹುಡುಕಿ, ಕಾಲ ಸರಿಮಾಡಿ, ಬಾಯಿ ತೆರೆಯುವಷ್ಟರಲ್ಲಿ ಮಾತು ನಲ್ಲಿಯಿಂದ ಬಾಡಿಗೆಗೆ, ಬಾಡಿಗೆಯಿಂದ ಯಾರದೋ ಮದುವೆಗೆ ಹೋಗಿಯಾಗಿದೆ. ಬಾಯಿ ಮುಚ್ಚಿಕೊಳ್ಳುತ್ತೀರಿ. ಹೀಗೆ ನಾಲ್ಕು ಸಲವಾದರೆ ಎದುರಿನವರು ನಿಮ್ಮನ್ನು ಮೌನಿ ಎಂದುಕೊಳ್ಳುತ್ತಾರೆ, ನೀವು ನಿಮ್ಮನ್ನು ದಡ್ಡ ಎಂದುಕೊಳ್ಳುತ್ತೀರಿ. ತಾಯ್ನುಡಿಯಲ್ಲಿ ಸಭೆಯನ್ನೇ ನಗಿಸುತ್ತಿದ್ದವರಿಗೆ ಈ ಅನುಭವ ವಿಶೇಷವಾಗಿ ಚುಚ್ಚುತ್ತದೆ.

ಇದಕ್ಕೆ ಭಾಷೆ ಕಲಿಯುವುದು ದೀರ್ಘಕಾಲದ ಪರಿಹಾರ, ಕಲಿಯಲೇಬೇಕು. ಅಲ್ಲಿಯವರೆಗೆ ಜನರ ಸಂಖ್ಯೆ ಇಳಿಸಿ. ಐವರ ಮೇಜಿನಲ್ಲಿ ಸೋಲುವವರು ಇಬ್ಬರ ನಡಿಗೆಯಲ್ಲಿ ಗೆಲ್ಲುತ್ತಾರೆ. ಒಬ್ಬರೇ ಎದುರಿಗಿದ್ದರೆ ಅವರು ಕಾಯುತ್ತಾರೆ. ಕೈಗೆ ಕೆಲಸವಿದ್ದರೆ ಇನ್ನೂ ಒಳ್ಳೆಯದು. ಗಿಡ ನೆಡುವಾಗ, ಸೈಕಲ್ ರಿಪೇರಿ ಮಾಡುವಾಗ ಮೌನಕ್ಕೆ ಯಾರೂ ಅರ್ಥ ಹುಡುಕುವುದಿಲ್ಲ.

ಮೂರು ಬಳಗ

ನಮ್ಮ ನುಡಿಯವರ ಜೊತೆಯೇ ಇದ್ದರೆ ಬೇರೆಯವರ ಜೊತೆ ಬೆರೆಯುವುದಾದರೂ ಹೇಗೆ ಎಂಬ ಉಪದೇಶ ಪರದೇಶಕ್ಕೆ ಹೋದ ಎಲ್ಲರಿಗೂ ಸಿಕ್ಕಿರುತ್ತದೆ. ಈ ಉಪದೇಶ ಅರ್ಧ ಸತ್ಯ. ಮನಶ್ಶಾಸ್ತ್ರಜ್ಞ ಸ್ಟೀಫನ್ ಬಾಕ್ನರ್ ಮತ್ತು ಜೊತೆಗಾರರು 1977ರಲ್ಲಿ ಹವಾಯಿಯ ಪರದೇಶಿ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಳಗಗಳನ್ನು ಗುರುತಿಸಿದರು: ತಮ್ಮ ದೇಶದವರದ್ದು, ಸ್ಥಳೀಯರದ್ದು, ಬೇರೆ ಬೇರೆ ದೇಶಗಳಿಂದ ಬಂದವರದ್ದು. ಮೂರೂ ಮಾಡುವ ಕೆಲಸ ಬೇರೆ. ಸ್ವಂತ ದೇಶದವರ ಜೊತೆ ಮನಸ್ಸು ಬಿಚ್ಚುತ್ತೇವೆ, ನಾವು ಯಾರು ಎಂದು ವಿವರಿಸಬೇಕಿಲ್ಲ. ಸ್ಥಳೀಯರಿಂದ ಓದು, ಕೆಲಸ, ಊರಿನ ರೀತಿನೀತಿಗೆ ನೆರವು ಸಿಗುತ್ತದೆ. ಮೂರನೆಯವರ ಜೊತೆ ಸುತ್ತಾಟ, ಮೋಜು. ಒಂದನ್ನು ಇನ್ನೊಂದರ ಜಾಗಕ್ಕೆ ತಂದು ಕೂರಿಸಲು ಹೋದಾಗಲೇ ನಿರಾಸೆಯಾಗುವುದು.

ಸ್ವಂತ ನುಡಿಯವರ ಕೂಟದ ಬಗ್ಗೆ ನನ್ನದೊಂದೇ ಎಚ್ಚರಿಕೆ. ಆ ಕೂಟ ಹಾಡಲು, ಆಡಲು, ಮಕ್ಕಳಿಗೆ ನುಡಿ ಕಲಿಸಲು ಸೇರುತ್ತಿದೆಯೋ, ಈ ದೇಶದವರನ್ನು ಬೈಯಲು ಸೇರುತ್ತಿದೆಯೋ ನೋಡಿಕೊಳ್ಳಿ. ಪರದೇಶಿಯರು ಗುಂಪುಗೂಡಿ ಗೊಣಗುವುದನ್ನು ಕಲ್ಚರ್ ಶಾಕ್‌ನ ಲಕ್ಷಣವೆಂದೇ ಒಬರ್ಗ್ ಹೇಳಿದ್ದರು. ಗೊಣಗಾಟ ಆ ಸಂಜೆಗೆ ಹಿತ ಕೊಡುತ್ತದೆ, ಮಾರನೆಯ ಬೆಳಗ್ಗೆ ಹೊರಗೆ ಕಾಲಿಡುವುದನ್ನು ಕಷ್ಟವಾಗಿಸುತ್ತದೆ.

ಮೂರನೆಯ ಬಳಗವನ್ನು ಜನ ಕಡೆಗಣಿಸುತ್ತಾರೆ, ಆದರೆ ಮೊದಲು ತೆರೆಯುವ ಬಾಗಿಲು ಅದೇ. ಕಾರಣ ಸಮಯ. ಸ್ಥಳೀಯರ ವಾರ ಆಗಲೇ ತುಂಬಿದೆ. ಶಾಲೆಯ ಗೆಳೆಯರು, ಅಪ್ಪ ಅಮ್ಮ, ಅತ್ತೆ ಮಾವ, ಸೋದರರ ಮಕ್ಕಳ ಹುಟ್ಟುಹಬ್ಬ. ಹೊಸಬರನ್ನು ಸೇರಿಸಬೇಕಾದರೆ ಹಳಬರಲ್ಲಿ ಯಾರಿಗೋ ಕೊಡುವ ಗಂಟೆ ಕಡಿತವಾಗಬೇಕು. ಅವರು ಕರೆಯದಿರುವುದಕ್ಕೆ ನಿಮ್ಮ ಬಣ್ಣ, ಉಚ್ಚಾರಣೆ ಎಲ್ಲ ಸಲವೂ ಕಾರಣವಲ್ಲ. ಕೆಲವು ಸಲ ಕಾರಣವೇ ಹೌದು, ಅದನ್ನು ಅಲ್ಲಗಳೆಯುವುದೂ ಬೇಡ. ಸ್ಥಳೀಯರಲ್ಲೂ ಯಾರ ವಾರ ಈಚೆಗೆ ಖಾಲಿಯಾಗಿದೆ ಎಂದು ಕಣ್ಣಾಡಿಸಿ: ಅದೇ ದೇಶದ ಬೇರೆ ಊರಿಂದ ಬಂದವರು, ಮೊದಲ ಮಗುವಾಗಿ ಹಳೆಯ ಗೆಳೆಯರಿಂದ ದೂರವಾದವರು, ನಿವೃತ್ತರು. ಅವರಿಗೂ ಯಾರಾದರೂ ಬೇಕಾಗಿರುತ್ತದೆ.

ಕರೆಯುವ ಕೆಲಸ ಹೊಸಬರದ್ದೇ. ನ್ಯಾಯವೋ ಅನ್ಯಾಯವೋ, ಹಾಗೇ ಇದೆ. 'ಯಾವಾಗಾದ್ರೂ ಸಿಗೋಣ' ಎಂಬುದು ಕರೆಯಲ್ಲ. 'ಭಾನುವಾರ ಬೆಳಗ್ಗೆ ಹತ್ತಕ್ಕೆ ನದಿ ಪಕ್ಕ ನಡೆಯೋಕೆ ಹೋಗ್ತಿದ್ದೀನಿ, ಬರ್ತೀರಾ?' ಎಂಬುದು ಕರೆ. ಬರದಿದ್ದರೂ ನೀವು ಹೋಗುವವರಿದ್ದೀರಿ, ಆದ್ದರಿಂದ ಆಗಲ್ಲ ಎನ್ನಲು ಅವರಿಗೂ ಸಂಕೋಚವಿಲ್ಲ. ಒಮ್ಮೆ ಆಗಲ್ಲ ಎಂದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕರೆಯಿರಿ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದಂತೆ, ಇಬ್ಬರು ಅಪರಿಚಿತರು ಮಾತಾಡಿ ಬೇರ್ಪಟ್ಟಾಗ ಇಬ್ಬರೂ 'ಅವರಿಗೆ ನಾನು ಅಷ್ಟೇನೂ ಹಿಡಿಸಲಿಲ್ಲ' ಎಂದುಕೊಳ್ಳುತ್ತಾರೆ. ನಿಜಕ್ಕೂ ಹಿಡಿಸಿದ್ದು ಅದಕ್ಕಿಂತ ಹೆಚ್ಚು. ಹಾಸ್ಟೆಲಿನಲ್ಲಿ ಜೊತೆಗಿದ್ದ ವಿದ್ಯಾರ್ಥಿಗಳಲ್ಲಿ ಈ ತಪ್ಪೆಣಿಕೆ ತಿಂಗಳುಗಟ್ಟಲೆ ಉಳಿದಿತ್ತು. ಒಂದೇ ಭಾಷೆಯವರಲ್ಲೇ ಹೀಗಾದರೆ ಪರಭಾಷೆಯಲ್ಲಿ ತಡವರಿಸಿದವರು ತಮ್ಮ ಬಗ್ಗೆ ಎಷ್ಟು ಕೆಟ್ಟದಾಗಿ ಅಂದುಕೊಂಡಾರು, ಊಹಿಸಿ.

ಆರರಿಂದ ಹದಿನೆಂಟು

ನಾರ್ವೆಯ ಸ್ವೆರ್ರೆ ಲೀಸ್‌ಗಾರ್ಡ್ 1955ರಲ್ಲಿ, ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿದ್ದು ಬಂದ 200 ನಾರ್ವೇಜಿಯನ್ ವಿದ್ವಾಂಸರ ಬಗ್ಗೆ ಬರೆದರು. ಅವರಲ್ಲಿ 6 ತಿಂಗಳಿಗಿಂತ ಕಡಿಮೆ ಇದ್ದವರು ಮತ್ತು 18 ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಅಷ್ಟು ಹೊಂದಿಕೊಂಡಿರಲಿಲ್ಲ. ಮೊದಲು ಹುಮ್ಮಸ್ಸು, ನಡುವೆ ಕುಸಿತ, ಕೊನೆಗೆ ಚೇತರಿಕೆ ಎಂಬ ಪ್ರಸಿದ್ಧ ಯು ಆಕಾರದ ಗೆರೆ ಹುಟ್ಟಿದ್ದು ಅಲ್ಲಿಂದ. ಆದರೆ ಲೀಸ್‌ಗಾರ್ಡ್ ಅದೇ ವ್ಯಕ್ತಿಯನ್ನು ತಿಂಗಳು ತಿಂಗಳು ಹಿಂಬಾಲಿಸಿರಲಿಲ್ಲ, ಬೇರೆ ಬೇರೆ ಅವಧಿ ಇದ್ದವರನ್ನು ಹೋಲಿಸಿದ್ದರು. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದಿಳಿದ ದಿನದಿಂದ ಒಂದು ವರ್ಷ ಹಿಂಬಾಲಿಸಿದಾಗ, ಕಷ್ಟ ಅತಿ ಹೆಚ್ಚಿದ್ದದ್ದು ಬಂದ ಹೊಸತರಲ್ಲೇ. ಆದ್ದರಿಂದ ಮೊದಲ ವಾರವೇ ಅಳು ಬಂದರೆ ನಿಮ್ಮಲ್ಲಿ ಏನೋ ಊನವಿದೆ ಎಂದೇನಲ್ಲ. ಎಲ್ಲರಿಗೂ ಹುಮ್ಮಸ್ಸಿನ ಕಾಲ ಇರಲೇಬೇಕೆಂದು ಯಾರೂ ಸಾಬೀತು ಮಾಡಿಲ್ಲ.

ಆದರೂ ಆ 6 ಮತ್ತು 18 ತಿಂಗಳ ನಡುವಿನ ಕುಸಿತ ಹಲವರಿಗೆ ಪರಿಚಿತ. ನನ್ನ ಊಹೆ ಹೀಗೆ, ಸಾಬೀತಾದದ್ದಲ್ಲ: ಅರ್ಧ ವರ್ಷಕ್ಕೆ ಕಾಗದಪತ್ರ, ಮನೆ, ದಾರಿ ಎಲ್ಲ ಮುಗಿದು ತಲೆ ಎತ್ತಿ ನೋಡುವ ಬಿಡುವು ಸಿಗುತ್ತದೆ. ಆಗ ಗಂಟೆಗಳ ಖಾತೆಯಲ್ಲಿ ಹೆಚ್ಚೆಂದರೆ 50 ಇರುತ್ತದೆ. ಆಪ್ತತೆಗೆ ಬೇಕಾದ 200 ಇನ್ನೂ ಬಹಳ ದೂರ. ಅಷ್ಟರಲ್ಲಿ ಊರಿನಿಂದ ಬರುವ ಕರೆಗಳೂ ಇಳಿದಿರುತ್ತವೆ.

ಈ ಲೆಕ್ಕದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಸಂಗಾತಿಯ ನೌಕರಿಗಾಗಿ ಜೊತೆಗೆ ಬಂದವರು. ನೌಕರಿಗೆ ಹೋಗುವವರಿಗೆ ಕಡೇಪಕ್ಷ ಗುರುತು ಹಿಡಿಯುವ ಮುಖಗಳಾದರೂ ಸಿಗುತ್ತವೆ. ಮನೆಯಲ್ಲಿ ಉಳಿದವರಿಗೆ ಅದೂ ಇಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನದ ಎರಡು ಬಗೆ ಹೇಳಿದರು. ಒಂದು ಆಪ್ತರಿಲ್ಲದ್ದು, ಇನ್ನೊಂದು ಬಳಗವಿಲ್ಲದ್ದು. ದೂರದ ಊರಿನಿಂದ ಬಾಸ್ಟನ್ ಪ್ರದೇಶಕ್ಕೆ ಬಂದ ದಂಪತಿಗಳನ್ನು ಗಮನಿಸಿದಾಗ, ದಾಂಪತ್ಯ ಚೆನ್ನಾಗಿದ್ದೂ ಹೆಂಡತಿಯರಿಗೆ ಬಳಗವಿಲ್ಲದ ಒಂಟಿತನ ಕಾಡಿತ್ತು. ಒಂದನ್ನು ಇನ್ನೊಂದರಿಂದ ತುಂಬಲಾಗದು. 'ನಾನಿದ್ದೀನಲ್ಲ' ಎಂದು ಸಂಗಾತಿ ಹೇಳುವುದು ಪ್ರೀತಿಯಿಂದಲೇ, ಆದರೆ ಆ ನೋವಿಗೆ ಅದು ಮದ್ದಲ್ಲ. ವಾರಕ್ಕೆ ಎರಡು ಸಂಜೆ ಮಕ್ಕಳನ್ನು ತಾನು ನೋಡಿಕೊಂಡು ಇನ್ನೊಬ್ಬರನ್ನು ಹೊರಗೆ ಕಳಿಸುವುದು ಮದ್ದಿಗೆ ಹತ್ತಿರ. ಹಾಗೆಂದು ಎಲ್ಲವನ್ನೂ ಒಂಟಿತನದ ಖಾತೆಗೆ ಹಾಕಬೇಡಿ. ವಾರಗಟ್ಟಲೆ ನಿದ್ದೆ ಕೆಟ್ಟು, ಹಸಿವು ಹೋಗಿ, ಏಳುವುದೇ ಬೇಡ ಅನ್ನಿಸಿದರೆ ವೈದ್ಯರನ್ನು ಕಾಣಬೇಕು. ಬಳಗ ಬೆಳೆಯುವವರೆಗೆ ಕಾಯುವ ವಿಷಯವಲ್ಲ ಅದು.

ಕೊನೆಯದಾಗಿ, ಪರಿಚಯವಾದ ಐದೇ ನಿಮಿಷಕ್ಕೆ ಬರುವ ಪ್ರಶ್ನೆ: "ಎಷ್ಟು ವರ್ಷ ಇರ್ತೀರಿ?" ಕೇಳುವವರಿಗೆ ಇದು ಬರೀ ಕುತೂಹಲವಲ್ಲ. ಬಂದು ಹೋಗುವ ಪರದೇಶಿಯರನ್ನು ಬೀಳ್ಕೊಟ್ಟು ದಣಿದವರು ಗಂಟೆ ಹಾಕುವ ಮೊದಲು ಲೆಕ್ಕ ಕೇಳುತ್ತಾರೆ. 'ಗೊತ್ತಿಲ್ಲ, ನೋಡೋಣ' ಎಂದರೆ ನಾಳೆಯೇ ಹೊರಡುತ್ತೀರಿ ಎಂದು ಅವರಿಗೆ ಕೇಳಿಸುತ್ತದೆ. 'ಮುಂದಿನ ಬೇಸಿಗೆವರೆಗಂತೂ ಇದ್ದೇನೆ, ಗುರುವಾರದ ಕ್ಲಾಸಿಗೆ ಸೇರಿದ್ದೇನೆ' ಎಂದರೆ ಅದೇ ಸತ್ಯಕ್ಕೆ ಒಂದು ಆಕಾರ ಬರುತ್ತದೆ. ನೀವು ಗೆಳೆಯರು ಎಂದುಕೊಂಡ ಇನ್ನೊಬ್ಬ ಪರದೇಶಿ ನಿಮಗಿಂತ ಮೊದಲೇ ಪೆಟ್ಟಿಗೆ ಕಟ್ಟಬಹುದು, 90 ಗಂಟೆ ಹಾಕಿದ ಮೇಲೆ. ಅದಕ್ಕಾಗಿಯೇ ವ್ಯಕ್ತಿಯನ್ನಷ್ಟೇ ನೆಚ್ಚಿಕೊಳ್ಳದೆ ಗುಂಪನ್ನೂ ಹಿಡಿಯಬೇಕು. ಅವರು ಹೋದ ಮೇಲೂ ಗುರುವಾರದ ಕ್ಲಾಸು ನಡೆಯುತ್ತಿರುತ್ತದೆ, ಅವರು ಕೂರುತ್ತಿದ್ದ ಕುರ್ಚಿಗೆ ಅದೇ ತಿಂಗಳು ಬಂದಿಳಿದ ಇನ್ನೊಬ್ಬರು ಬರುತ್ತಾರೆ. ಕಾಗದಪತ್ರದ ಸುತ್ತು ಎಲ್ಲಿ ಸಡಿಲ ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ಮರೆಯುವ ಮೊದಲು ಹೇಳಿಬಿಡಿ.